ಕ್ಯಾರವಾನ್‌ಗೆ ಊರಿನ ನಲ್ಲಿ ನೀರು: ಪೈಪಿನೊಳಗೆ ಏನಿದೆ?

ಬೇಸಿಗೆ ರಜೆ ಶುರುವಾದರೆ ಸಾಕು, ಓಲ್ಡ್ ಬ್ರಿಡ್ಜ್‌ನಲ್ಲಿ ಮನೆಗಳ ಮುಂದೆ ಕ್ಯಾರವಾನ್‌ಗಳು ಬಂದು ನಿಲ್ಲುತ್ತವೆ. ಇಲ್ಲಿ ಅದಕ್ಕೆ ಆರ್‌ವಿ ಅಂತಾರೆ. ಊರಿಂದ ಬಂದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಹೊರಟರೆ, ಕ್ಯಾಂಪ್ ತಲುಪಿದ ಮೇಲೆ ಮೊದಲ ಕೆಲಸ ನೀರಿನ ಪೈಪ್ ಜೋಡಿಸೋದು. ಹತ್ತು ನಿಮಿಷದ ಕೆಲಸ, ನಿಜ. ಆದರೆ ಅದರ ಹಿಂದೆ ಒಳ್ಳೆಯ ಜೀವಶಾಸ್ತ್ರ ಇದೆ.

ನಲ್ಲಿ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರುತ್ತೆ. ಅದೇ ನಮ್ಮ ಕಾವಲುಗಾರ. ನೀರು ಬಿಸಿಲಲ್ಲಿ ಪೈಪಿನೊಳಗೆ ನಿಂತರೆ ಕ್ಲೋರಿನ್ ಕರಗಿಹೋಗುತ್ತೆ. ಆಗ ಬ್ಯಾಕ್ಟೀರಿಯಾ ಪೈಪಿನ ಗೋಡೆಗೆ ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತವೆ. ಇದೇ ಬಯೋಫಿಲ್ಮ್. ನೀರು ತುಂಬಿಟ್ಟ ಬಕೆಟ್ಟನ್ನು ನಾಲ್ಕು ದಿನ ತೊಳೆಯದಿದ್ದರೆ ಒಳಗೆ ಜಾರುತ್ತಲ್ಲ, ಅದೇ.

ಇವುಗಳಲ್ಲಿ ಲೆಜಿಯೊನೆಲ್ಲಾ ಮುಖ್ಯ. 1976ರ ಜುಲೈನಲ್ಲಿ ಇಲ್ಲೇ ಪಕ್ಕದ ಫಿಲಡೆಲ್ಫಿಯಾದಲ್ಲಿ, ಮಾಜಿ ಸೈನಿಕರ ಸಮಾವೇಶ ನಡೆದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನ ಸುತ್ತ ನ್ಯುಮೋನಿಯಾ ಹಬ್ಬಿ 34 ಜನ ಸತ್ತರು. ಕಾರಣವಾದ ಬ್ಯಾಕ್ಟೀರಿಯಾವನ್ನು ಜೋಸೆಫ್ ಮೆಕ್‌ಡೇಡ್ 1977ರ ಜನವರಿಯಲ್ಲಿ ಪತ್ತೆ ಹಚ್ಚಿದರು. ಇದು ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತೆ. ಸಾಮಾನ್ಯವಾಗಿ ಕುಡಿಯೋದರಿಂದ ಅಲ್ಲ, ಶವರಿನ ಸಣ್ಣ ಹನಿಗಳನ್ನು ಉಸಿರಿನ ಜೊತೆ ಎಳೆದುಕೊಳ್ಳೋದರಿಂದ ಕಾಯಿಲೆ ಬರುತ್ತೆ. ಐವತ್ತು ದಾಟಿದವರಿಗೆ, ಶ್ವಾಸಕೋಶ ದುರ್ಬಲ ಇರುವವರಿಗೆ ಅಪಾಯ ಜಾಸ್ತಿ. ಅಂದರೆ ನಮ್ಮ ಅಪ್ಪ ಅಮ್ಮನಿಗೆ.

ಹಾಗಂತ ಹೆದರಬೇಕಿಲ್ಲ, ಕ್ರಮ ಗೊತ್ತಿದ್ದರೆ ಸಾಕು. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಾದರೆ ಮೊದಲು ಶುದ್ಧಿ ಮಾಡಿ. 57 ಲೀಟರ್ ಟ್ಯಾಂಕಿಗೆ ಸುಮಾರು 60 ಮಿಲಿಲೀಟರ್, ವಾಸನೆ ಬೆರೆಸದ ಮನೆಬಳಕೆಯ ಬ್ಲೀಚ್. ಅದನ್ನು ನೀರಿನಲ್ಲಿ ಕಲಸಿ ಸುರಿದು, ಟ್ಯಾಂಕ್ ತುಂಬಿಸಿ. ಹೀಟರ್ ಆಫ್ ಇರಲಿ, ಫಿಲ್ಟರ್ ತೆಗೆದಿರಲಿ. ಪಂಪ್ ಹಾಕಿ ಎಲ್ಲ ನಲ್ಲಿಗಳಲ್ಲೂ ಬ್ಲೀಚ್ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಹಾಗೇ ಇಡಿ. ಆಮೇಲೆ ವಾಸನೆ ಹೋಗುವಷ್ಟು ತೊಳೆಯಿರಿ.

ಕ್ಯಾಂಪಿನಲ್ಲಿ ಮೊದಲು ನಲ್ಲಿಯ ಬಾಯಿ ಒರೆಸಿ, ನಿಂತ ನೀರು ಹರಿದುಹೋಗಲು ಒಂದೆರಡು ನಿಮಿಷ ಬಿಡಿ. ಪ್ರೆಶರ್ ರೆಗ್ಯುಲೇಟರನ್ನು ನಲ್ಲಿಗೇ ಹಾಕಿ, ಗಾಡಿಗಲ್ಲ. ಆಗ ಪೈಪಿಗೂ ರಕ್ಷಣೆ. ಗಾಡಿಯೊಳಗಿನ ಕೊಳವೆಗಳಿಗೆ 40ರಿಂದ 60 ಪಿಎಸ್‌ಐ ಒತ್ತಡ ಸಾಕು, ಕೆಲವು ನಲ್ಲಿಗಳಲ್ಲಿ ಅದಕ್ಕಿಂತ ಹೆಚ್ಚಿರುತ್ತೆ. ಗಿಡಕ್ಕೆ ನೀರು ಹಾಕುವ ಪೈಪ್ ಬೇಡ, ಕುಡಿಯುವ ನೀರಿಗೆಂದೇ ಮಾಡಿದ್ದು ಬೇಕು. ಕೊಳಚೆ ಟ್ಯಾಂಕ್ ತೊಳೆಯುವ ಪೈಪ್ ಬೇರೆಯೇ ಇರಲಿ, ಎರಡೂ ಒಂದೇ ಪೆಟ್ಟಿಗೆಯಲ್ಲೂ ಬೇಡ.

ಇನ್ನೊಂದು ತುದಿಯನ್ನು ‘ಸಿಟಿ ವಾಟರ್’ ಅಂತ ಬರೆದ ಕಡೆ ಜೋಡಿಸಿ ನಿಧಾನಕ್ಕೆ ತಿರುಗಿಸಿ. ಈ ನೀರು ಟ್ಯಾಂಕಿಗೆ ಹೋಗದೆ ನೇರ ನಲ್ಲಿಗಳಿಗೆ ಹೋಗುತ್ತೆ, ಹಾಗಾಗಿ ಪಂಪ್ ಬೇಡ. ಬಿಸಿನೀರಿನ ನಲ್ಲಿ ತೆರೆದು ಗಾಳಿಯೆಲ್ಲ ಹೋಗಿ ನೀರು ಸರಾಗವಾಗಿ ಬಂದ ಮೇಲೆಯೇ ಹೀಟರ್ ಹಾಕಿ. ಖಾಲಿ ಹೀಟರ್ ಸುಟ್ಟುಹೋಗುತ್ತೆ.

ಹೊರಡುವಾಗ ಪೈಪಿನ ನೀರನ್ನೆಲ್ಲ ಬಸಿದು, ಎರಡು ತುದಿಗಳನ್ನೂ ಒಂದಕ್ಕೊಂದು ಜೋಡಿಸಿ ಸುತ್ತಿಡಿ. ಮಣ್ಣು, ಹುಳ ಒಳಗೆ ಹೋಗಲ್ಲ. ಮಾರನೇ ಸಲ ಅಪ್ಪ ಅಮ್ಮ ಸ್ನಾನಕ್ಕೆ ಹೋಗುವ ಮುಂಚೆ ಶವರನ್ನು ಸ್ವಲ್ಪ ಹೊತ್ತು ಸುಮ್ಮನೆ ಹರಿಯಲು ಬಿಡಿ, ನೀವು ಹೊರಗೆ ನಿಂತಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.