ಸಂಕಲ್ಪಕ್ಕೆ ಮಣಿಯುವ ಯಂತ್ರ

ಕೈಯನ್ನು ಮೇಲೆತ್ತಬೇಕೆಂದು ನಾವು ಸಂಕಲ್ಪಿಸುತ್ತೇವೆ, ಕೈ ಮೇಲೇಳುತ್ತದೆ. ಇವೆರಡರ ನಡುವೆ ಒಂದು ಪ್ರಯಾಣವಿದೆ ಎಂಬುದು ನಮ್ಮ ಅರಿವಿಗೇ ಬರುವುದಿಲ್ಲ. ಮಿದುಳಿನ ಮೇಲ್ಪದರದಲ್ಲಿ ಹುಟ್ಟಿದ ಆಜ್ಞೆಯು ವಿದ್ಯುತ್ ಸ್ಪಂದನಗಳ ರೂಪದಲ್ಲಿ ಬೆನ್ನುಹುರಿಯ ಮೂಲಕ ಇಳಿದು, ನರಗಳ ಹಾದಿ ಹಿಡಿದು ಸ್ನಾಯುಗಳನ್ನು ಮುಟ್ಟಬೇಕು. ತೆಂಗಿನ ಮರದಿಂದ ಬಿದ್ದು, ಕುತ್ತಿಗೆಯ ಬಳಿ ಬೆನ್ನುಹುರಿ ಜಜ್ಜಿಹೋದವನಲ್ಲಿ ಈ ಹಾದಿಯೇ ಕಡಿದಿರುತ್ತದೆ. ಅವನ ಕೈಕಾಲುಗಳು ಚಲಿಸವು. ಹಾಗಾದರೆ ಆಜ್ಞೆಯೂ ಅಳಿದುಹೋಯಿತೇ?

ಒಂದು ಉಪಮಾನವನ್ನು ನೋಡೋಣ. ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಿಂದ ಕುಮಟೆಗೆ ಹೋಗುವವರು ಹೊನ್ನಾವರದ ಬಳಿ ಶರಾವತಿಯನ್ನು ದಾಟಬೇಕಷ್ಟೆ. ಅಲ್ಲಿನ ಸೇತುವೆ ಮುರಿಯಿತೆಂದು ಭಾವಿಸೋಣ. ಕಾಯ್ಕಿಣಿಯವರಾರೂ ಕುಮಟೆಯ ಪೇಟೆಯನ್ನು ಸೇರರು. ಅಷ್ಟರಿಂದಲೇ ಕಾಯ್ಕಿಣಿಯಿಂದ ಯಾರೂ ಹೊರಟೇ ಇಲ್ಲವೆನ್ನಲಾದೀತೇ? ಅವರೆಲ್ಲ ನದಿಯ ಈಚೆಯ ದಡದಲ್ಲಿ ಕಾದು ನಿಂತಿರುತ್ತಾರೆ. ಬೇಕಾದುದು ಒಂದು ತಾರಿದೋಣಿ. ಮಿದುಳಿನಲ್ಲಿಯೇ ಕಾದು ನಿಂತ ಆಜ್ಞೆಯನ್ನು ಹಿಡಿದು, ಬೆನ್ನುಹುರಿಯನ್ನು ಬಿಟ್ಟು ಬೇರೊಂದು ದಾರಿಯಿಂದ ಯಂತ್ರಕ್ಕೆ ಮುಟ್ಟಿಸುವ ಏರ್ಪಾಡೇ ಮಿದುಳು-ಗಣಕ ಸಂಪರ್ಕ.

ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದಲೇ ಅಳೆಯಬಹುದೆಂದು ತೋರಿಸಿದವನು ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್. 1924ರಲ್ಲಿ ಆತನು ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಈ ಅಲೆಗಳು ಅತ್ಯಂತ ಕ್ಷೀಣವಾದವು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಕೆಲವು ಹತ್ತು ಪಾಲುಗಳಷ್ಟು ಮಾತ್ರ. ಇಂಥ ಅಲೆಗಳಿಂದ ಗಣಕವನ್ನು ನಡೆಸಬಹುದೇ ಎಂಬ ಪ್ರಶ್ನೆಯನ್ನು 1973ರಲ್ಲಿ ಅಮೆರಿಕದ ಜಾಕ್ ವಿಡಾಲ್ ಎತ್ತಿದರು. 1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ಎಂಬುವರು 36 ಮನೆಗಳ ಅಕ್ಷರಪಟವೊಂದನ್ನು ರಚಿಸಿದರು. ಅದರ ಸಾಲುಗಳು ಒಂದಾದ ಮೇಲೊಂದು ಮಿನುಗುತ್ತವೆ. ನೋಡುವವನು ಬಯಸಿದ ಅಕ್ಷರವಿರುವ ಸಾಲು ಮಿನುಗಿ ಸುಮಾರು 300 ಮಿಲಿಸೆಕೆಂಡುಗಳಾದಾಗ ಅವನ ಮಿದುಳಿನಲ್ಲಿ ವಿಶಿಷ್ಟವಾದ ಅಲೆಯೊಂದು ಏಳುತ್ತದೆ. ಅದನ್ನು ಗುರುತಿಸಿ ಗಣಕವು ಅಕ್ಷರವನ್ನು ಆರಿಸುತ್ತದೆ.

ಆದರೆ ತಲೆಬುರುಡೆಯ ಹೊರಗಿನಿಂದ ಆಲಿಸುವುದೆಂದರೆ, ಜಾತ್ರೆಯ ಗದ್ದಲವನ್ನು ಗೋಡೆಯಾಚೆಯಿಂದ ಕೇಳಿದಂತೆ. ಸ್ಪಷ್ಟವಾಗಿ ಕೇಳಬೇಕಾದರೆ ಒಳಗೇ ಹೋಗಬೇಕು. 2004ರಲ್ಲಿ ಅಮೆರಿಕದಲ್ಲಿ, ಬೆನ್ನುಹುರಿ ಕಡಿದ ಯುವಕನೊಬ್ಬನ ಮಿದುಳಿನ ಚಲನಕೇಂದ್ರದಲ್ಲಿ 96 ವಿದ್ಯುದಗ್ರಗಳುಳ್ಳ ಪುಟ್ಟ ಬಿಲ್ಲೆಯನ್ನು ಇರಿಸಲಾಯಿತು. ಅದರ ಅಗಲ 4 ಮಿಲಿಮೀಟರ್. ಗಾಯವಾಗಿ ಮೂರು ವರ್ಷ ಕಳೆದಿದ್ದರೂ, ಅವನು ಕೈಯಾಡಿಸಲು ಮನಸ್ಸಿನಲ್ಲಿ ಯತ್ನಿಸಿದೊಡನೆ ನರಕೋಶಗಳು ಮಿಡಿದವು. ಗಣಕದ ತೆರೆಯ ಮೇಲಿನ ಗುರುತು ಅವನ ಇಚ್ಛೆಯಂತೆ ಸರಿಯಿತು. ನಾವು ಕೇಳಿದ ಪ್ರಶ್ನೆಗೆ ಉತ್ತರ ಇದೇ: ಆಜ್ಞೆ ಅಳಿದಿರಲಿಲ್ಲ. 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಸುಮಾರು 15 ವರ್ಷಗಳಿಂದ ಪಾರ್ಶ್ವವಾಯುಪೀಡಿತಳಾಗಿದ್ದ ಮಹಿಳೆಯೊಬ್ಬಳು ಯಂತ್ರದ ತೋಳನ್ನು ಸಂಕಲ್ಪದಿಂದಲೇ ನಡೆಸಿ ಕಾಫಿ ಕುಡಿದಳು.

ಇದು ಮನಸ್ಸನ್ನು ಕದ್ದು ಓದುವ ವಿದ್ಯೆಯಲ್ಲ. ರೋಗಿಯು ಉದ್ದೇಶಪೂರ್ವಕವಾಗಿ ಯತ್ನಿಸಬೇಕು; ಯಂತ್ರಕ್ಕೆ ತರಬೇತಿ ಬೇಕು. ಶಸ್ತ್ರಕ್ರಿಯೆಯಿಂದ ಸೋಂಕಿನ ಭಯವುಂಟು. ಕಾಲಕ್ರಮದಲ್ಲಿ ವಿದ್ಯುದಗ್ರಗಳ ಸುತ್ತ ಗಾಯದ ಪೊರೆ ಬೆಳೆದು ಸಂಕೇತಗಳು ಮಸುಕಾಗಬಹುದು.

ಈಗ ಮಾತಿನ ವಿಷಯ. ಮಾತಿನ ಸ್ನಾಯುಗಳ ಹತೋಟಿ ತಪ್ಪಿದ ರೋಗಿಗಳಿಗಾಗಿ ರಚಿಸಿದ ಎರಡು ಯಂತ್ರಗಳ ವಿವರ 2023ರಲ್ಲಿ ಹೊರಬಿದ್ದಿತು. ಅವು ನಿಮಿಷಕ್ಕೆ 62 ಮತ್ತು 78 ಪದಗಳ ವೇಗದಲ್ಲಿ ಆಡಬಯಸಿದ ಮಾತನ್ನು ಹೊರಗೆಡಹಿದವು. ಯಂತ್ರವು ಮೊದಲು ಇಂಗ್ಲಿಷಿನ 39 ಧ್ವನಿಗಳನ್ನು ಗುರುತಿಸುತ್ತದೆ. ಬಳಿಕ ಆ ಭಾಷೆಯ ಅಪಾರ ಬರಹದಿಂದ ಕಲಿತ ತಿಳಿವಳಿಕೆಯನ್ನು ಬಳಸಿ ಪದಗಳನ್ನು ಊಹಿಸುತ್ತದೆ.

ಹಾಗಾದರೆ ಕನ್ನಡಿಗ ರೋಗಿಯ ಗತಿಯೇನು? ನಮ್ಮ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ಗುಣಿತಾಕ್ಷರಗಳಾಗುವುವು, ಒತ್ತಕ್ಷರಗಳು ಬೇರೆ. ಇವು 36 ಮನೆಗಳ ಪಟದಲ್ಲಿ ಹಿಡಿಸವು. ಆದರೆ ಇಂಥದೇ ತೊಡಕನ್ನು ಗಣಕದ ಕೀಲಿಮಣೆಯಲ್ಲಿ ಕೆ. ಪಿ. ರಾವ್ ಅವರು ಹಿಂದೆಯೇ ಬಿಡಿಸಿದ್ದಾರೆ: ವ್ಯಂಜನವನ್ನೂ ಸ್ವರವನ್ನೂ ಬೇರೆ ಬೇರೆಯಾಗಿ ಒತ್ತಿದರೆ ಯಂತ್ರವೇ ಅವನ್ನು ಕೂಡಿಸುತ್ತದೆ. ಅಲ್ಲದೆ, ಕನ್ನಡದಲ್ಲಿ ಬರಹವು ಉಚ್ಚಾರಣೆಯನ್ನು ಬಹುಮಟ್ಟಿಗೆ ಅನುಸರಿಸುವುದರಿಂದ ಧ್ವನಿಯಿಂದ ಅಕ್ಷರಕ್ಕೆ ಬರುವುದು ಇಂಗ್ಲಿಷಿಗಿಂತ ಸುಲಭ. ಕಷ್ಟವಿರುವುದು ಪದಗಳಲ್ಲಿ. “ಬರುವುದಿಲ್ಲವಂತೆ” ಎಂಬ ಒಂದೇ ಪದದಲ್ಲಿ ಇಡೀ ವಾಕ್ಯವೇ ಅಡಗಿದೆ. ಇಂಥ ರೂಪಗಳನ್ನೆಲ್ಲ ಊಹಿಸಬಲ್ಲ ಯಂತ್ರಕ್ಕೆ ಹೇರಳವಾದ ಕನ್ನಡ ಬರಹವೂ, ಆಡುಮಾತಿನ ದಾಖಲೆಗಳೂ ಬೇಕು.

ಈ ದಾರಿಯಲ್ಲಿ ನಮ್ಮ ನಾಡಿನವರು ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಮತ್ತು ಅವರ ಸಹೋದ್ಯೋಗಿಯು, ತುಟಿಯಲುಗದೆ ಮನಸ್ಸಿನಲ್ಲೇ ಆಡಿದ ಮಾತನ್ನು ನೆತ್ತಿಯ ಮೇಲಿನ ಅಲೆಗಳಿಂದ ಗುರುತಿಸುವ ಬಗೆಯನ್ನು ಶೋಧಿಸಿ, 2021ರಲ್ಲಿ ಈ ಕ್ಷೇತ್ರದ ಸಮಗ್ರ ಸಮೀಕ್ಷೆಯನ್ನು ಪ್ರಕಟಿಸಿದರು. ಮುದ್ರಿತ ಕನ್ನಡವನ್ನು ಯಂತ್ರವು ಓದುವಂತೆ, ಗಟ್ಟಿಯಾಗಿ ನುಡಿಯುವಂತೆ ಮಾಡುವ ಕೆಲಸವೂ ರಾಮಕೃಷ್ಣನ್ ಅವರ ಪ್ರಯೋಗಶಾಲೆಯಲ್ಲಿ ನಡೆದಿದೆ.

ಮಾತು ಕಳೆದುಕೊಂಡವನು ಮೊದಲು ಕೇಳುವುದು ನೀರನ್ನೋ, ಮಗ್ಗುಲು ಬದಲಿಸುವುದನ್ನೋ. ಅದನ್ನೂ ಪರಭಾಷೆಯಲ್ಲಿ ಕೇಳಬೇಕಾಗಿ ಬಂದರೆ ಆ ಯಂತ್ರದಿಂದ ಅವನಿಗಾಗುವ ಪ್ರಯೋಜನ ಅರ್ಧಮಾತ್ರ. ಆದುದರಿಂದ ಈ ತಾರಿಯನ್ನು ಕಟ್ಟಲು ವೈದ್ಯನೂ ಎಂಜಿನಿಯರನೂ ಇದ್ದರೆ ಸಾಲದು. ಕನ್ನಡದ ವ್ಯಾಕರಣವನ್ನು ಬಲ್ಲವನೂ ಅವರೊಡನೆ ಕೂಡಬೇಕು. ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.