ಮೀನುಗಾರಿಕಾ ದೋಣಿಗಳ ಜಾಡು ಪತ್ತೆ

ಮೀನುಗಾರಿಕಾ ದೋಣಿಗಳ ಜಾಡು ಪತ್ತೆ ಎಂದರೆ ಸಮುದ್ರದಲ್ಲಿರುವ ದೋಣಿಯ ಗುರುತು, ಸ್ಥಾನ, ವೇಗ ಹಾಗೂ ದಿಕ್ಕನ್ನು ದೂರದಿಂದ ತಿಳಿಯುವ ವ್ಯವಸ್ಥೆ.

ಕಾರ್ಯವಿಧಾನ

ಎಐಎಸ್ ಎಂಬ ಸ್ವಯಂಚಾಲಿತ ಗುರುತಿನ ವ್ಯವಸ್ಥೆಯಲ್ಲಿ, ದೋಣಿಯಲ್ಲಿರುವ ಸಾಧನವು ಜಿಪಿಎಸ್‌ನಿಂದ ಪಡೆದ ಸ್ಥಾನವನ್ನು ವಿಎಚ್‌ಎಫ್ ರೇಡಿಯೋ ಮೂಲಕ ಬಿತ್ತರಿಸುತ್ತದೆ. ಪ್ರತಿ ಸಾಧನಕ್ಕೂ 9 ಅಂಕಿಗಳ ಗುರುತು ಸಂಖ್ಯೆಯಿದ್ದು, ಭಾರತದ ಹಡಗುಗಳ ಸಂಖ್ಯೆ 419ರಿಂದ ಆರಂಭವಾಗುತ್ತದೆ. ಈ ಅಲೆಗಳು ಬಹುತೇಕ ನೇರವಾಗಿ ಚಲಿಸುವುದರಿಂದ, ಭೂಮಿಯ ವಕ್ರತೆಯ ಕಾರಣ ಬಹುದೂರ ಸಾಗಿದ ದೋಣಿಯ ಸಂಕೇತವು ತೀರದ ಕೇಂದ್ರಗಳನ್ನು ತಲುಪದು. ಅಲ್ಲಿ ಉಪಗ್ರಹವೇ ಆಧಾರ.

ಸುವರ್ಣ ತ್ರಿಭುಜ ಪ್ರಕರಣ

2018ರ ಡಿಸೆಂಬರ್ 13ರಂದು 7 ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಮೀನುಗಾರರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳವರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದೋಣಿ ಪತ್ತೆಯಾಗಲಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು, ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ದೋಣಿಯ ಅವಶೇಷಗಳನ್ನು ಪತ್ತೆಹಚ್ಚಿತು.

ನಂತರದ ಬೆಳವಣಿಗೆ

ಉಪಗ್ರಹದ ಮೂಲಕ ಎರಡೂ ಕಡೆಗೆ ಸಂದೇಶ ರವಾನಿಸಬಲ್ಲ, ಇಸ್ರೋ ಅಭಿವೃದ್ಧಿಪಡಿಸಿದ ಸಾಧನವನ್ನು ದೇಶದ 1 ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ನೀಡಲಾಯಿತು. ದೋಣಿ ಮುಳುಗಿದರೆ ಸಾಧನವೂ ಮೌನವಾಗುತ್ತದೆ. ಆದರೆ ಕೊನೆಯದಾಗಿ ದಾಖಲಾದ ಸ್ಥಾನವು ಶೋಧದ ವ್ಯಾಪ್ತಿಯನ್ನು ಕಿರಿದಾಗಿಸುತ್ತದೆ.