ಆಲದ ಹೂ ಎಲ್ಲಿದೆ?

ಆಲದ ಹೂವನ್ನ ಯಾವತ್ತಾದ್ರೂ ನೋಡಿದ್ದೀರಾ?
ಮರದ ತುಂಬ ಬಿಡುತ್ತೆ.
ಆದ್ರೆ ಕಣ್ಣಿಗೆ ಬೀಳಲ್ಲ.

ಆಲ, ಅರಳಿ, ಅತ್ತಿ, ಬಸರಿ, ಅಂಜೂರ…
ಎಲ್ಲಾ ಒಂದೇ ಕುಲ.
ಹೆಸರು, ಫೈಕಸ್.

ಲ್ಯಾಟಿನ್‌ನಲ್ಲಿ ಫೈಕಸ್ ಅಂದ್ರೆ ಅಂಜೂರ, ಅಷ್ಟೇ.
ರೋಮನ್ನರು ಇಷ್ಟಪಟ್ಟು ತಿಂತಿದ್ದ ಹಣ್ಣು.
1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್
ಆ ಹೆಸರನ್ನೇ ಇಡೀ ಕುಲಕ್ಕೆ ಇಟ್ರು.
ನಮ್ಮ ಆಲ, ಫೈಕಸ್ ಬೆಂಗಾಲೆನ್ಸಿಸ್ ಆಯ್ತು.
ಜನ ಪ್ರದಕ್ಷಿಣೆ ಹಾಕೋ ಅರಳಿ,
ಫೈಕಸ್ ರಿಲಿಜಿಯೋಸ.

ಅಷ್ಟು ದೊಡ್ಡ ಆಲ, ಇಷ್ಟು ಗಿಡ್ಡ ಅಂಜೂರ.
ಹೋಲಿಕೆ ಎಲ್ಲಿ?
ಹಣ್ಣಿನ ಒಳಗೆ!

ನಾವು ಹಣ್ಣು ಅನ್ನೋದು,
ದಾರ ಎಳೆದು ಬಾಯಿ ಬಿಗಿದ ಎಲೆಯಡಿಕೆ ಸಂಚಿ ಇದ್ದ ಹಾಗೆ.
ಪುಟ್ಟ ಪುಟ್ಟ ಹೂಗಳೆಲ್ಲ ಆ ಸಂಚಿಯೊಳಗೇ ಅರಳುತ್ತವೆ.
ತುದಿಯಲ್ಲೊಂದು ಸಣ್ಣ ತೂತು.
ಅಲ್ಲಿಂದ ನುಸುಳೋದು ಒಂದು ಪುಟಾಣಿ ಕಣಜದ ಹುಳ.
ದಾರಿ ಎಷ್ಟು ಬಿಗಿ ಅಂದ್ರೆ,
ಸಾಮಾನ್ಯವಾಗಿ ರೆಕ್ಕೆಯೇ ಕಿತ್ತುಹೋಗುತ್ತೆ.
ತಂದ ಪರಾಗವನ್ನ ಹೂಗಳಿಗೆ ಮುಟ್ಟಿಸುತ್ತೆ,
ಮೊಟ್ಟೆ ಇಡುತ್ತೆ,
ಅಲ್ಲೇ ಸಾಯುತ್ತೆ.

ಅತ್ತಿಹಣ್ಣು ಬಿಡಿಸಿದ್ರೆ ಬರೀ ಹುಳ ಅಂತಾರಲ್ಲ?
ದಯವಿಟ್ಟು ಅಸಹ್ಯ ಪಡಬೇಡಿ.
ಈ ಹುಳ ಬರದಿದ್ರೆ ಮರಕ್ಕೆ ಬೀಜವೇ ಕಟ್ಟಲ್ಲ.
ಅದೂ ಯಾವುದೋ ಒಂದು ಹುಳ ಸಾಲಲ್ಲ.
ಆಲಕ್ಕೆ ಆಲದ್ದೇ ಕಣಜ,
ಅರಳಿಗೆ ಅರಳಿಯದ್ದೇ.